ಅಪ್ಪ ಕತ್ತರಿ ಹಿಡಿದದ್ದು

ಹೋದ ತಿಂಗಳು ಹುಬ್ಬಳ್ಳಿಯ ಪೇಟೆಯಲ್ಲಿ ಗಾಣದೆಣ್ಣೆ ಮಾರುವ ಅಂಗಡಿಯೊಂದರ ಮುಂದೆ ಹಾಯುತ್ತಿದ್ದೆ. ಅಂಗಡಿಯವನು ಡಬ್ಬಿಯಿಂದ ಬಾಟಲಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಸುರಿಯುತ್ತಿದ್ದ. ಶೇಂಗಾ ಎಣ್ಣೆ, ಕುಸುಬಿ ಎಣ್ಣೆಗಳ ವಾಸನೆಯನ್ನೆಲ್ಲ ಹಿಂದೆ ಹಾಕಿ ಆ ಒಂದು ವಾಸನೆ, ಹಸಿಹಸಿಯಾಗಿ, ಭಾರವಾಗಿ, ನೇರ ನನ್ನ ಮೂಗಿಗೆ ಬಂತು. ನಡೆಯುತ್ತಿದ್ದವಳು ನಿಂತೇಬಿಟ್ಟೆ. ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ಮೈಗೆ ತಾಗಿ, "ಒಂದೀಟು ಬಾಜೂಕ ಸರೀರಿ ಅಕ್ಕಾರ" ಎಂದು ಮುಂದೆ ಹೋದಳು. ಸರಿದು ನಿಂತೆ. ಆದರೆ ಅಷ್ಟರಲ್ಲಿ ನಾನು ಪೇಟೆಯಲ್ಲಿರಲಿಲ್ಲ. ನಮ್ಮ ಹಿತ್ತಲಿನ ಬೇವಿನ ಗಿಡದ ಕೆಳಗೆ ಮಣೆಯ ಮೇಲೆ ಕೂತಿದ್ದೆ. ಬೆಚ್ಚಗಿನ ಎಣ್ಣೆ ನೆತ್ತಿಯಿಂದ ಕಿವಿಯ ಹಿಂದಕ್ಕೆ ಇಳಿಯುತ್ತಿತ್ತು. ಬೆನ್ನ ಹಿಂದೆ ಅಪ್ಪನ ಉಸಿರು ಕೇಳುತ್ತಿತ್ತು...

ಎಪ್ಪತ್ತರ ದಶಕದ ಮೊದಲ ವರ್ಷಗಳವು. ನಮ್ಮೂರು ನವಲಗುಂದ ತಾಲ್ಲೂಕಿನದು, ತಿರ್ಲಾಪುರದ ಕಡೆಯ ಎರೆಹೊಲಗಳ ನಡುವೆ ಇತ್ತು. ಅಪ್ಪ ಒಕ್ಕಲುತನದವನು. ಅವನು ಕೂರಿಗೆ ಹಿಡಿದು ಬಿತ್ತಿದರೆ ಹತ್ತಿಯ ಸಾಲಾಗಲಿ ಜೋಳದ ಸಾಲಾಗಲಿ ಹೊಲದ ಈ ಬದುವಿನಿಂದ ಆ ಬದುವಿಗೆ ದಾರ ಹಿಡಿದಂತೆ ಹೋಗುತ್ತಿತ್ತು. ಊರಲ್ಲಿ ಬೇರೆಯವರೂ ತಮ್ಮ ಹೊಲದ ಮೊದಲ ಸಾಲು ಹಾಕಿಕೊಡು ಎಂದು ಕರೆಯುತ್ತಿದ್ದರು. ಮಾತು ಕಡಿಮೆ. ದೊಡ್ಡ ಕೈಗಳು, ಬಿರುಕು ಬಿಟ್ಟ ಬೆರಳುಗಳು. ಆ ಬೆರಳಿನಲ್ಲಿ ಕತ್ತರಿ ಹಿಡಿಯುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವನೇ ನಗುತ್ತಿದ್ದ.

ನನಗೆ ಎಂಟು ವರ್ಷವಿದ್ದಾಗ ವಿಷಮಜ್ವರ ಬಂತು. ಜ್ವರ ಇಳಿಯಿತು ಎನ್ನುವಷ್ಟರಲ್ಲಿ ಮತ್ತೆ ಏರುತ್ತಿತ್ತು. ತಲೆಗೆ ನೀರು ತಾಗಿಸಬೇಡಿ ಎಂದು ಎಲ್ಲರೂ ಹೇಳಿದರು. ನನ್ನ ಉದ್ದ ಕೂದಲು ಹಾಸಿಗೆಯಲ್ಲಿ ಬೆವರಿಗೆ ನೆನೆದು, ಒಣಗಿ, ಮತ್ತೆ ನೆನೆದು ಹಾಗೇ ಬಿದ್ದಿತ್ತು. ನನ್ನ ಮಾತು ನಿಂತ ಒಂದು ದಿನ ಅವ್ವ ದೇವರ ಮುಂದೆ ಸೆರಗೊಡ್ಡಿ, "ಕೂಸನ್ನ ಉಳಿಸಿ ಕೊಡು ಎಲ್ಲಮ್ಮ ತಾಯಿ, ನಿನ್ನ ಗುಡ್ಡಕ್ಕ ಕರಕೊಂಡು ಬರ್ತೀನಿ" ಎಂದು ಹರಕೆ ಹೊತ್ತಳು. ನಾನು ಉಳಿದೆ.

ಎದ್ದು ಕೂರುವಂತಾದಾಗ ಅವ್ವ ನನ್ನ ತಲೆ ಬಾಚಲು ಕೂತಳು. ಬಾಚಣಿಗೆ ಒಳಗೆ ಹೋಗಲಿಲ್ಲ. ನಮ್ಮೂರ ಬಾವಿಯದು ಸವಳು ನೀರು, ಅದರಲ್ಲಿ ತೊಳೆದರೆ ಕೂದಲು ಇನ್ನಷ್ಟು ಅಂಟುಗಟ್ಟಿತು. ಹಿಂದಲೆಯಲ್ಲಿ ಎಲ್ಲ ಕೂದಲೂ ಒಂದಾಗಿ ಹಗ್ಗದಂತೆ ಹೊಸೆದುಕೊಂಡಿತ್ತು. ಹೀಗೆ ಗಂಟುಗಟ್ಟಿದ ಕೂದಲಿಗೆ ನಮ್ಮ ಕಡೆ ಜಡಿ ಎನ್ನುತ್ತಾರೆ. ಜಡಿ ಬಂದರೆ ಎಲ್ಲಮ್ಮ ಆ ಹೆಣ್ಣನ್ನು ಕರೆದಳು ಎಂದು ಅರ್ಥ. ಅವ್ವನ ಕೈಯಿಂದ ಬಾಚಣಿಗೆ ಬಿತ್ತು.

ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ಹೊತ್ತು ಮನೆಮನೆಗೆ ಬರುತ್ತಿದ್ದ ಒಬ್ಬ ಜೋಗಮ್ಮ ಇದ್ದಳು. ಅವಳೂ ಸಣ್ಣವಳಿದ್ದಾಗ ಹೀಗೇ ಜಡಿ ಬಂದು, ದೇವಿಯ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡವಳು. ಮುತ್ತು ಕಟ್ಟಿಸಿಕೊಂಡ ಹೆಣ್ಣಿಗೆ ಮದುವೆಯಿಲ್ಲ. ಅವಳ ಬಾಳು ಊರಿನ ದೊಡ್ಡ ಗಂಡಸರ ಮರ್ಜಿಯಲ್ಲಿ ಕಳೆಯುತ್ತದೆ. ವಯಸ್ಸಾದ ಮೇಲೆ ಬುಟ್ಟಿ ಹೊತ್ತು ಬೇಡಬೇಕು. ಅವಳ ಜಡಿ ಮೊಣಕಾಲ ತನಕ ಇತ್ತು, ಭಂಡಾರ ಬಳಿದು ಹಳದಿಯಾಗಿತ್ತು. ಅವ್ವ ನನ್ನನ್ನು ಅವಳ ಮುಂದೆ ಕೂರಿಸಿದಳು. ಜೋಗಮ್ಮ ನನ್ನ ಹಿಂದಲೆ ಸವರಿ ಕಣ್ಣು ಮುಚ್ಚಿದಳು.

"ಎಲ್ಲಮ್ಮ ತಾನ ಬಂದು ಕುಂತಾಳ. ಕತ್ತರಿ ಮುಟ್ಟಿಸಬ್ಯಾಡ ತಂಗಿ, ಮುಟ್ಟಿಸಿದವರಿಗೆ ಒಳ್ಳೇದಾಗೂದಿಲ್ಲ. ಬರೂ ಜಾತ್ರಿ ಹುಣ್ಣಿಮಿಗೆ ಗುಡ್ಡಕ್ಕ ಕರಕೊಂಡು ಹೋಗಿ ಮುತ್ತು ಕಟ್ಟಿಸೂಣು."

ನಮ್ಮ ಮನೆತನದಲ್ಲಿ ಹೆಣ್ಣನ್ನು ದೇವಿಗೆ ಬಿಟ್ಟದ್ದು ಎಂದೂ ಇರಲಿಲ್ಲ. ಆದರೆ ಊರಲ್ಲಿ ಮಾತು ಹಬ್ಬಿತು. ಹಬ್ಬಿದ ಮಾತಿಗೆ ಅವ್ವನ ಹರಕೆಯೂ ಸೇರಿಕೊಂಡಿತು.

ನನಗೆ ಮಾತ್ರ ಆ ದಿನಗಳು ಭಾರಿ ಸುಖದವು. ಅದನ್ನು ಹೇಳದಿದ್ದರೆ ಈ ಕಥೆ ಸರಿಹೋಗುವುದಿಲ್ಲ. ಹೆಂಗಸರು ಬಂದು ನನ್ನ ಜಡಿಗೆ ಭಂಡಾರ ಹಚ್ಚಿ, ಕೈಯಲ್ಲಿ ಬೆಲ್ಲ ಕೊಬ್ಬರಿ ಇಟ್ಟು, ಕಾಲು ಮುಟ್ಟಿ ಹೋಗುತ್ತಿದ್ದರು. ಸಾಲೆಯಲ್ಲಿ ಮಾಸ್ತರರು ನನ್ನ ಅಂಗೈಗೆ ಛಡಿ ತಾಗಿಸುವುದನ್ನು ಬಿಟ್ಟರು. ಹುಡುಗಿಯರು ಆಟದಲ್ಲಿ ನನಗೆ ಮೊದಲ ಸರದಿ ಕೊಟ್ಟರು. ಮನೆಯಲ್ಲಿ ಹೋಳಿಗೆ ಮಾಡಿದರೆ ತಮ್ಮನಿಗಿಂತ ಮೊದಲು ನನ್ನ ತಾಟಿಗೆ ಬೀಳುತ್ತಿತ್ತು. ಹುಡುಗಿಯಾಗಿ ಹುಟ್ಟಿ ಅಷ್ಟು ಮರ್ಯಾದೆ ಕಂಡವರು ನಮ್ಮೂರಲ್ಲಿ ಬೇರೆ ಯಾರೂ ಇರಲಿಲ್ಲ!

ಒಂದು ಶುಕ್ರವಾರ ಮಕ್ಕಳಿಲ್ಲದ ಹೆಂಗಸೊಬ್ಬಳು ಬಂದು ನನ್ನ ಮುಂದೆ ಕೂತಳು. "ನನ್ನ ಉಡಿ ತುಂಬತೈತೇನು ಹೇಳು ತಾಯಿ" ಎಂದಳು. ನಾನು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ, ಜೋಗಮ್ಮನ ಹಾಗೆಯೇ ದನಿ ಎಳೆದು, "ಗಂಡು ಮಗಾ ಆಗತೈತಿ, ಹೋಗು" ಎಂದೆ. ಆ ಹೆಂಗಸು ನನ್ನ ಪಾದದ ಮೇಲೆ ತಲೆಯಿಟ್ಟು ಅತ್ತಳು. ಅಪ್ಪ ಕೊಟ್ಟಿಗೆಯ ಬಾಗಿಲಲ್ಲಿ ಜೋಳದ ಕಣಿಕೆಯ ಹೊರೆ ಹಿಡಿದು ನಿಂತು ಎಲ್ಲವನ್ನೂ ನೋಡಿದ. ಅವಳು ಹೋದ ಮೇಲೆ ಹೊರೆ ಇಳಿಸಿ ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

"ಆಕಿಗೆ ಮಗಾ ಆಗತೈತಂತ ನಿನಗ ಹೆಂಗ ಗೊತ್ತು?"

"ದೇವಿ ಹೇಳಿದ್ಲು."

"ಖರೇನ ಹೇಳಿದ್ಲೇನು?"

ನಾನು ಕೈಯಲ್ಲಿದ್ದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ. ಅಪ್ಪ ಬೈಯಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿದ. ಅಂದೇ ಅವನ ಮನಸ್ಸು ಗಟ್ಟಿಯಾಗಿರಬೇಕು.

ಊರಲ್ಲಿ ಕೂದಲು ಕತ್ತರಿಸುತ್ತಿದ್ದವನು ಹಡಪದ ಅಜ್ಜ. ಅಪ್ಪನಿಗೆ, ತಮ್ಮನಿಗೆ ನಮ್ಮ ಹಿತ್ತಲಿಗೇ ಬಂದು ಚೌರ ಮಾಡಿ ಹೋಗುತ್ತಿದ್ದ. ಅಪ್ಪ ಅವನನ್ನು ಕೇಳಿದ. ಅಜ್ಜ ಕತ್ತರಿಯನ್ನು ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಿದ.

"ಯಪ್ಪಾ, ಬೇರೆ ಏನರ ಹೇಳು, ಮಾಡತೀನಿ. ಜಡಿ ಮುಟ್ಟೂದು ನನ್ನ ಕೈಲೆ ಆಗೂದಿಲ್ಲ. ನನಗೂ ಮೊಮ್ಮಕ್ಕಳ ಅದಾವು."

"ಆತು ಬಿಡು. ನನಗ ಕಲಿಸು."

"ಏನ ಕಲಿಸಲಿ?"

"ಮಕ್ಕಳ ಕೂದಲಾ ಕತ್ತರಿಸೂದನ್ನ."

ಅಜ್ಜ ಅಪ್ಪನ ಮುಖ ನೋಡಿದ, ನನ್ನ ಕಡೆ ನೋಡಿದ, ಪೆಟ್ಟಿಗೆಯ ಮುಚ್ಚಳ ಮತ್ತೆ ತೆಗೆದ. "ಯಾಕಂತ ನಾ ಕೇಳೂದಿಲ್ಲ. ನೀನೂ ಹೇಳಬ್ಯಾಡ" ಎಂದ.

ಕಲಿಯಲು ತಲೆ ಬೇಕಲ್ಲ, ತಮ್ಮ ಸಿಕ್ಕಿದ. ಅಜ್ಜ ಬಾಜು ಕೂತು ಹೇಳಿಕೊಟ್ಟ: ಕೂದಲನ್ನು ಎರಡು ಬೆರಳ ನಡುವೆ ಎತ್ತಿ ಹಿಡಿಯಬೇಕು, ಬೆರಳಿನ ಮೇಲೆ ಉಳಿದದ್ದನ್ನಷ್ಟೇ ಕತ್ತರಿಸಬೇಕು, ಕತ್ತರಿಯ ತುದಿ ಯಾವಾಗಲೂ ಕಿವಿಯಿಂದ ದೂರ ಇರಬೇಕು. ಅಪ್ಪನ ಹೆಬ್ಬೆರಳು ಕತ್ತರಿಯ ಉಂಗುರದೊಳಗೆ ಹೋಗುವುದೇ ಕಷ್ಟವಾಯಿತು. ಹೋದ ಮೇಲೆ ಹೊರಗೆ ಬರುವುದು ಇನ್ನೂ ಕಷ್ಟ. ಹೊಲದಲ್ಲಿ ಗೆರೆ ಕೊರೆದಂತೆ ಬಿತ್ತುವವನು ತಮ್ಮನ ತಲೆಯ ಮೇಲೆ ದಿಕ್ಕು ತಪ್ಪಿದ. ಮುಗಿದಾಗ ಆ ತಲೆ ಇಲಿ ಕಡಿದ ಕಂಬಳಿಯಂತಿತ್ತು. ತಮ್ಮ ಕನ್ನಡಿ ನೋಡಿ ಹೋ ಎಂದು ಅತ್ತ.

ಅಪ್ಪ ಸ್ವಲ್ಪವೂ ನಾಚಲಿಲ್ಲ. "ಹೊಲಾ ಕೆಟ್ರ ಒಂದು ವರ್ಷ ಕಾಯಬೇಕು, ತಲಿ ಕೆಟ್ರ ಒಂದು ತಿಂಗಳಾ. ಅಳಬ್ಯಾಡಲೇ" ಎಂದ.

ಊರಲ್ಲಿ ನಗೆ ಎದ್ದಿತು. ಕಟ್ಟೆಯ ಮೇಲೆ ಕೂತವರು, "ಏನು, ಒಕ್ಕಲುತನಾ ಬಿಟ್ಟು ಹಡಪದ ಪೆಟಿಗಿ ಹಿಡಿದ್ಯಂತಲ್ಲ?" ಎಂದು ಕೆಣಕಿದರು. "ಹೌದು, ನೀನೂ ಬಾ, ನಿನ್ನ ತಲೀನೂ ನೋಡತೀನಿ" ಎಂದ. ತಮ್ಮನ ಕೂದಲು ಬೆಳೆದಂತೆ ಮತ್ತೆ ಕತ್ತರಿಸಿದ, ಮತ್ತೆ. ಒಂದು ಸಲವಂತೂ ಹಡಪದ ಅಜ್ಜ ತಮ್ಮನ ಹಿಂದಲೆಯನ್ನು ತಿರುಗಿಸಿ ನೋಡಿ, "ಇದು ನಾ ಮಾಡಿದ್ದೋ ನೀ ಮಾಡಿದ್ದೋ?" ಎಂದು ಕೇಳಿದ. ಅಪ್ಪ ಆ ಮಾತನ್ನು ವಾರವಿಡೀ ಎಲ್ಲರಿಗೂ ಹೇಳಿಕೊಂಡು ತಿರುಗಿದ.

ತಿಂಗಳುಗಳು ಕಳೆದು ಜಾತ್ರೆಯ ಹುಣ್ಣಿಮೆ ಹತ್ತಿರ ಬಂತು. ಅಪ್ಪ ಯಾಕೆ ಕಲಿಯುತ್ತಿದ್ದಾನೆ ಎಂದು ಅವ್ವನಿಗೆ ಮೊದಲ ದಿನವೇ ತಿಳಿದಿತ್ತು ಎಂದು ಕಾಣುತ್ತದೆ. ಒಂದು ಬೆಳಿಗ್ಗೆ ಅವನು ಔಡಲೆಣ್ಣೆ ಕಾಯಿಸಲು ಹೇಳಿದಾಗ ಒಲೆಯ ಮುಂದೆಯೇ ಕೂತುಬಿಟ್ಟಳು.

"ಬ್ಯಾಡ್ರಿ. ನಿಮ್ಮ ಕಾಲು ಬೀಳತೀನಿ. ಹರಕಿ ಹೊತ್ತೀನಿ, ಕೂಸು ಉಳದೈತಿ."

"ಉಳಿಸಿದಾಕಿ ಆಕೀನೇ ಹೌದಲ್ಲೊ? ಉಳಿಸಿ ಕೊಟ್ಟಾಕಿ ಹೊಳ್ಳಿ ಕಸಗೊಳ್ಳೂದಿಲ್ಲ."

"ಕಸಗೊಂಡ್ರ?"

ಅಪ್ಪ ಒಲೆಯಿಂದ ಕೆಂಡ ಹೊರಗೆಳೆದ. ತಾನೇ ಎಣ್ಣೆಯ ಬಟ್ಟಲನ್ನು ಕೆಂಡದ ಮೇಲಿಟ್ಟ.

ಬೇವಿನ ಗಿಡದ ಕೆಳಗೆ ಮಣೆ ಹಾಕಿ ನನ್ನನ್ನು ಕೂರಿಸಿದ. ಮೊದಲು ಎಣ್ಣೆ ಹಚ್ಚಿ ಬೆರಳಿನಿಂದ ಜಡಿ ಬಿಡಿಸಲು ನೋಡಿದ. ಎಳೆ ಎಳೆಯಾಗಿ, ನೋವಾಗದಂತೆ, ಬಹಳ ಹೊತ್ತು. ನನ್ನ ಲಂಗವೆಲ್ಲ ಎಣ್ಣೆಯಾಯಿತು. ಜಡಿ ಒಂದಿಷ್ಟೂ ಸಡಿಲವಾಗಲಿಲ್ಲ. ಬಾಜು ಮನೆಯ ಹೆಂಗಸರು ಹಿತ್ತಲ ಗೋಡೆಯ ಆಚೆ ಸೇರಿದ್ದರು. ಅವ್ವ ಹಿತ್ತಲ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅಪ್ಪ ಕತ್ತರಿ ಎತ್ತಿಕೊಂಡ. ಅದರ ಸಪ್ಪಳ ಕೇಳಿದ್ದೇ ನನ್ನೊಳಗೆ ಏನೋ ಎದ್ದು ನಿಂತಿತು. ಬೆಲ್ಲ ಕೊಬ್ಬರಿ, ಮೊದಲ ಸರದಿ, ಕಾಲು ಮುಟ್ಟುವ ಕೈಗಳು, ಎಲ್ಲ ಹೋಗುತ್ತದೆ ಎಂದು ತಿಳಿಯಿತು. ಜೋಗಮ್ಮನ ದನಿಯಲ್ಲಿ ಕೂಗಿದೆ:

"ಮುಟ್ಟಿದ್ರ ನಿನ್ನ ಕೈ ಸೇದಿ ಒಣಗಿ ಹೋಗತಾವ!"

ಗೋಡೆಯ ಆಚೆ ಒಬ್ಬಳು "ಉಧೋ ತಾಯಿ" ಎಂದಳು. ನನ್ನ ತಲೆಯ ಮೇಲಿದ್ದ ಎಡಗೈಯನ್ನು ಅಪ್ಪ ಹಿಂದಕ್ಕೆ ತೆಗೆದ. ಒಂದು ಕ್ಷಣ ಅವನು ನಿಲ್ಲಿಸಿಯೇಬಿಡುತ್ತಾನೆ ಅನ್ನಿಸಿತು.

"ಹ್ವಾದ್ರ ಹೋಗಲಿ. ನೀ ಸುಮ್ಮನ ಕುಂದ್ರು" ಎಂದ.

ಜಡಿ ಒಂದೇ ಏಟಿಗೆ ತುಂಡಾಗುವಂಥದ್ದಲ್ಲ. ಕತ್ತರಿ ಅದನ್ನು ಕಡಿಕಡಿದು ತಿನ್ನಬೇಕಾಯಿತು. ಕೊನೆಯ ಎಳೆ ಬಿಟ್ಟಾಗ ನನ್ನ ತಲೆ ತಾನಾಗಿ ಮುಂದಕ್ಕೆ ಬಾಗಿತು... ಆ ಹಗುರ ನನಗೆ ಇನ್ನೂ ನೆನಪಿದೆ. ಆಮೇಲೆ ಅಪ್ಪ ತಮ್ಮನ ತಲೆಯಲ್ಲಿ ಕಲಿತದ್ದನ್ನೆಲ್ಲ ನನ್ನ ತಲೆಯಲ್ಲಿ ತೋರಿಸಿದ. ಕಿವಿಯ ಕೆಳಗೆ ಸುತ್ತಲೂ ಸಮ ಮಾಡಿ, ಹಣೆಯ ಮೇಲೆ ನೇರ ಗೆರೆ ಬಿಟ್ಟ. ಕತ್ತರಿಸಿದ ಜಡಿಯನ್ನು ಹೊಸ ಕುಪ್ಪಸದ ಕಣದಲ್ಲಿ ಭಂಡಾರದ ಜೊತೆ ಸುತ್ತಿ ತಾನೇ ಒಯ್ದು ಬೆಣ್ಣೆಹಳ್ಳದ ನೀರಿಗೆ ಬಿಟ್ಟು ಬಂದ.

ನಾನು ಅಪ್ಪನ ಜೊತೆ ಮಾತು ಬಿಟ್ಟೆ. ಅವನು ಕರೆದರೆ ಓಗೊಡುತ್ತಿರಲಿಲ್ಲ. ಸಾಲೆಯಲ್ಲಿ ಛಡಿ ಮತ್ತೆ ಬೀಳತೊಡಗಿತು, ಹುಡುಗಿಯರು ನನ್ನನ್ನು ಕೊನೆಯ ಸರದಿಗೆ ತಳ್ಳಿದರು. ಹೆಂಗಸರು ನಮ್ಮ ಮನೆಯ ಮುಂದೆ ಹಾಯುವಾಗ ದನಿ ತಗ್ಗಿಸುತ್ತಿದ್ದರು. ಮುಂದಿನ ಮಂಗಳವಾರ ಜೋಗಮ್ಮ ಬರುತ್ತಾಳೆ, ಏನಾಗುತ್ತದೋ ನೋಡೋಣ ಎಂದು ಕಾದವರೂ ಇದ್ದರು.

ಜೋಗಮ್ಮ ಬಂದಳು. ಬುಟ್ಟಿಯನ್ನು ಕಟ್ಟೆಯ ಮೇಲೆ ಇಳಿಸಿ ನನ್ನನ್ನು ಹತ್ತಿರ ಕರೆದಳು. ಅವ್ವ ಗೋಡೆಗೆ ಒರಗಿ ನಿಂತಳು. ಜೋಗಮ್ಮ ತನ್ನ ಒರಟು ಅಂಗೈಯಿಂದ ನನ್ನ ಮೋಟು ಕೂದಲನ್ನು ಹಿಂದಿನಿಂದ ಮುಂದಕ್ಕೆ ಒಮ್ಮೆ, ಮುಂದಿನಿಂದ ಹಿಂದಕ್ಕೆ ಒಮ್ಮೆ ಸವರಿದಳು. ಶಾಪ ಹಾಕುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ.

"ಹಗುರಾತೇನವಾ?" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ. ಅವಳು ಬುಟ್ಟಿ ಹೊತ್ತು ಬಾಜು ಮನೆಗೆ ಹೋದಳು. ಜೋಳ ಕೂಡ ನೀಡಿಸಿಕೊಳ್ಳಲಿಲ್ಲ.

ಹತ್ತಿ ಬಿಡಿಸುವ ದಿನಗಳಲ್ಲಿ ಅಪ್ಪನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತು ಆಯಿತು. ಬೆರಳು ಬದನೆಕಾಯಿಯಂತೆ ಊದಿ ಕಪ್ಪಾಯಿತು. ಊರು ಕಾದದ್ದು ಸಿಕ್ಕಿತು. "ಮಗಳ ಬಾಯಿಲೆ ಬಂದ ಮಾತು, ಹುಸಿ ಆಗೂದಿಲ್ಲ" ಎಂದರು. ಎಲ್ಲರಿಗಿಂತ ಹೆಚ್ಚು ನಂಬಿದವಳು ನಾನು. ಊಟ ಸೇರದಾಯಿತು. ಅಪ್ಪ ಎಲ್ಲಿ ಕೂತರೂ ದೂರದಿಂದ ಅವನ ಕೈಯನ್ನೇ ನೋಡುತ್ತಿದ್ದೆ. ಬೆರಳಿನಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಸೇದುತ್ತಾ ಹೋಗುತ್ತದೆ ಎಂದುಕೊಂಡು ಒಳಗೇ ಬೇಯುತ್ತಿದ್ದೆ.

ಅಪ್ಪ ಅದನ್ನು ಗಮನಿಸಿದ. ಒಂದು ಮುಂಜಾನೆ ತಮ್ಮನನ್ನು ಮಣೆಯ ಮೇಲೆ ಕೂರಿಸಿ ನನ್ನನ್ನು ಕೂಗಿದ. "ಬಾ ಇಲ್ಲಿ. ನೋಡಬಾ." ಬೆರಳಿಗೆ ಅರಿವೆ ಸುತ್ತಿತ್ತು. ಆ ಬೆರಳು ಉಂಗುರದೊಳಗೆ ಹೋಗಲೊಲ್ಲದು. ಕತ್ತರಿಯನ್ನು ತೋರುಬೆರಳು, ನಡುಬೆರಳಿಗೆ ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ, ತಮ್ಮನ ಇಡೀ ತಲೆಯ ಕೂದಲು ಕತ್ತರಿಸಿದ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಮುಗಿಸಿ ಕೈಯನ್ನು ನನ್ನ ಮುಖದ ಮುಂದೆ ಚಾಚಿ ಐದೂ ಬೆರಳು ಆಡಿಸಿದ.

"ಸೇದೈತೇನು? ಹೇಳು."

"ಇಲ್ಲ."

"ಮತ್ಯಾಕ ಅಳತಿ? ಇದು ಹತ್ತಿ ಕಟಗಿ ಚುಚ್ಚಿದ್ದು. ನಿನ್ನ ಮಾತು ಚುಚ್ಚಿದ್ದಲ್ಲ."

ಬೆರಳು ಮಾಗಿತು. ಉಗುರು ಬಿದ್ದು ಹೊಸದು ಬಂತು. ಅದು ಬರುವ ಹೊತ್ತಿಗೆ ನನ್ನ ಕೂದಲೂ ಕಿವಿ ದಾಟಿ ಬೆಳೆದಿತ್ತು. ಒಂದು ದಿನ ನಾನೇ ಮಣೆ ತಂದು ಬೇವಿನ ಗಿಡದ ಕೆಳಗೆ ಹಾಕಿ ಅದರ ಮೇಲೆ ಕೂತೆ. ಅಪ್ಪ ಏನೂ ಕೇಳದೆ ಕತ್ತರಿ ತಂದ.

ಮರುವರ್ಷದ ಮಾತು. ಸುಗ್ಗಿ ಮುಗಿದಿತ್ತು. ಮಂಗಳವಾರವೂ ಅಲ್ಲ, ಶುಕ್ರವಾರವೂ ಅಲ್ಲ. ಜೋಗಮ್ಮ ನಮ್ಮ ಹಿತ್ತಲ ಬಾಗಿಲಿಗೆ ಬಂದಳು. ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಕೈಯಲ್ಲಿ ನನಗಿಂತ ಸ್ವಲ್ಪ ದೊಡ್ಡವಳಾದ ಒಬ್ಬ ಹುಡುಗಿಯ ಕೈ ಇತ್ತು. ಹುಡುಗಿಯ ಎಡಗಿವಿಯ ಹಿಂದೆ ಬೆರಳು ಗಾತ್ರದ ಜಡಿ.

"ನನ್ನ ಮೊಮ್ಮಗಳು" ಎಂದಳು. ಅಪ್ಪ ಹಗ್ಗ ಹೊಸೆಯುವುದನ್ನು ಬಿಟ್ಟು ಎದ್ದ. "ನಂದು ಹಿಂಗ ಇರಲಿ ಯಪ್ಪಾ. ನಂದು ಮುಗದೈತಿ. ಇಕಿದು ತಗಿ."

ಅವ್ವ ಆ ಮಾತು ಕೇಳಿ ಒಳಗಿನಿಂದ ಬಂದಳು. ಜೋಗಮ್ಮನ ಮುಖ ನೋಡಿದಳು. ಹೊಳ್ಳಿ ಹೋಗಿ ಎಣ್ಣೆಯ ಬಟ್ಟಲನ್ನು ತಾನೇ ಕೆಂಡದ ಮೇಲೆ ಇಟ್ಟಳು.

ಅಪ್ಪ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ. ಆದರೆ ಕತ್ತರಿ ಎತ್ತಿಕೊಳ್ಳಲಿಲ್ಲ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು ಅವಳನ್ನು ಕೇಳಿದ:

"ನಿನಗ ಮನಸೈತೇನವಾ? ಬ್ಯಾಡಂದ್ರ ನಾ ಮುಟ್ಟೂದಿಲ್ಲ."

ಹುಡುಗಿ ಅಜ್ಜಿಯ ಕಡೆ ನೋಡಿದಳು. "ಆಕಿನ್ನ ನೋಡಬ್ಯಾಡ. ನೀ ಹೇಳು" ಎಂದ ಅಪ್ಪ. ಹುಡುಗಿ, "ತಗೀರಿ ಕಾಕಾ" ಎಂದಳು. ಆಗ ಅವನು ಕತ್ತರಿ ಹಿಡಿದ. ಹಿಡಿಯುವ ಮುಂಚೆ ಒಂದು ಸಲ ನನ್ನ ಕಡೆ ನೋಡಿದ. ನನ್ನನ್ನು ಅವನು ಕೇಳಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಬಗ್ಗೆ ನಾವಿಬ್ಬರೂ ಮುಂದೆ ಎಂದೂ ಮಾತಾಡಲಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ಆ ಹುಡುಗಿ ನಮ್ಮೂರ ಸಾಲೆಗೆ ಬರತೊಡಗಿದಳು, ಎರಡು ವರ್ಷ ನನ್ನ ಬಾಜು ಕೂತಳು. ಮುಂದೆ ಮದುವೆಯಾಗಿ ಕುಂದಗೋಳದ ಕಡೆ ಹೋದಳು.

ಅವ್ವನ ಹರಕೆಯನ್ನು ಅಪ್ಪ ಮರೆತಿರಲಿಲ್ಲ. ಒಂದು ಸಾದಾ ದಿನ ನೋಡಿ ನಮ್ಮೆಲ್ಲರನ್ನೂ ಚಕ್ಕಡಿಯಲ್ಲಿ ಗುಡ್ಡಕ್ಕೆ ಕರೆದುಕೊಂಡು ಹೋದ. ಅವ್ವ ಕಾಯಿ ಒಡೆಸಿದಳು. ಅಪ್ಪ ಮೋಟು ಕೂದಲಿನ ನನ್ನನ್ನು ಮುಂದೆ ನಿಲ್ಲಿಸಿಕೊಂಡು, ಎರಡೂ ಕೈ ಜೋಡಿಸಿ, ಪೂಜಾರಿ ಸರಿಯಿರಿ ಎನ್ನುವ ತನಕ ಅಲ್ಲಿಂದ ಕದಲಲಿಲ್ಲ. ಏನು ಬೇಡಿಕೊಂಡನೋ...

ಓದಲು ಧಾರವಾಡಕ್ಕೆ ಹೋಗುವ ತನಕ ನನ್ನ ಕೂದಲಿಗೆ ಬೇರೆಯವರ ಕತ್ತರಿ ತಾಗಲಿಲ್ಲ. ಕೂದಲು ಬೆನ್ನ ತುಂಬ ಬೆಳೆದ ಮೇಲೂ ತುದಿ ಸಮ ಮಾಡಲು ಅವನೇ ಬೇಕಿತ್ತು. ನಾನು ಮಾಸ್ತರಣಿಯಾದೆ, ಎಷ್ಟೋ ಊರು ತಿರುಗಿದೆ, ಈಗ ನಿವೃತ್ತಳಾಗಿ ಹುಬ್ಬಳ್ಳಿಯಲ್ಲಿದ್ದೇನೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾದವು. ಇದ್ದಷ್ಟು ದಿನ ಅವನನ್ನು ನಾನು ಒಬ್ಬ ಧೈರ್ಯಸ್ಥ ಎಂದೇ ತಿಳಿದಿದ್ದೆ. ದೇವಿಯ ಸಿಟ್ಟು, ಶಾಪ ಇವೆಲ್ಲ ಅವನನ್ನು ತಟ್ಟುವುದಿಲ್ಲ, ಅವನು ಅವನ್ನು ನಂಬುವವನೇ ಅಲ್ಲ ಎಂದು ನನ್ನ ಮಕ್ಕಳಿಗೂ ಹೇಳುತ್ತ ಬಂದಿದ್ದೆ.

ಅವನು ಹೋದ ಮೇಲೆ ಅವ್ವ ಕೆಲವು ದಿನ ನನ್ನ ಹತ್ತಿರ ಇದ್ದಳು. ಒಂದು ಮಧ್ಯಾಹ್ನ ಅಕ್ಕಿ ಹಸನು ಮಾಡುತ್ತ, ನಾನು ಮಕ್ಕಳಿಗೆ ಹೇಳುತ್ತಿದ್ದ ಈ ಮಾತು ಕೇಳಿಸಿಕೊಂಡು ಮೊರ ಕೆಳಗಿಟ್ಟಳು.

"ಅವರು ನಂಬತಿರಲಿಲ್ಲಂತ ಯಾರ ಹೇಳಿದ್ರು ನಿನಗ?" ಎಂದಳು. "ನಿನ್ನ ಜಡಿ ತಗದ ದಿನಾ ಮುಂಜಾನೆ ಜಳಕಾ ಮಾಡಿ ಬಂದು ನನ್ನ ಕುಂದ್ರಿಸಿಕೊಂಡ್ರು. ಯಾವ ಹೊಲಾ ಯಾರಿಗೆ ಗೇಣಿಗೆ ಕೊಡಬೇಕು, ಬಿತ್ತೂ ಜ್ವಾಳಾ ಯಾವ ಹಗೇದಾಗ ಐತಿ, ಎತ್ತು ಮಾರೂದಾದ್ರ ಯಾರನ್ನ ಕೇಳಬೇಕು, ಎಲ್ಲಾ ಹೇಳಿದ್ರು. ನಾ ಇಲ್ಲಂದ್ರೂ ಕೂಸಿನ್ನ ಗುಡ್ಡಕ್ಕ ಬಿಡಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸಿಕೊಂಡ್ರು. ಆಮ್ಯಾಲೆ ಕತ್ತರಿ ಹಿಡಿದ್ರು."

ಅವ್ವ ಮತ್ತೆ ಮೊರ ಎತ್ತಿಕೊಂಡಳು. ನಾನು ಎದ್ದು ಹೊರಗಿನ ಕೋಣೆಗೆ ಬಂದೆ. ಅಪ್ಪನ ಎದುರು ಕೂತು ಒಂದು ಮಾತಾಡಬೇಕು ಅನ್ನಿಸಿತು, ಅಷ್ಟು ಜೋರಾಗಿ ಅನ್ನಿಸಿತು ನನಗೆ. ಈಗ ಅವ್ವನೂ ಇಲ್ಲ. ಆ ಮಾತು ಹಾಗೇ ಉಳಿದಿದೆ.